ಮದರಾಸಿನ ಮೈದಾನ, ತಲಶ್ಶೇರಿಯ ಮನೆತನ

ಚೆನ್ನೈನ ಅಣ್ಣಾ ಸಾಲೈಯಲ್ಲಿ ಬಸ್ಸು ಹತ್ತಿ ಕಂಡಕ್ಟರಿಗೆ ‘ಜೆಮಿನಿ’ ಎಂದರೆ ಸಾಕು, ಅವನು ಮತ್ತೇನೂ ಕೇಳುವುದಿಲ್ಲ. 1973ರಲ್ಲಿ ಕಟ್ಟಿದ ಅಲ್ಲಿನ ಮೇಲ್ಸೇತುವೆಗೆ ಸರ್ಕಾರ ಇಟ್ಟ ಹೆಸರು ಅಣ್ಣಾ ಮೇಲ್ಸೇತುವೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಜೆಮಿನಿಯೇ. ಎಸ್.ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋ ಅಲ್ಲಿತ್ತು. ಈಗ ಆ ನೆಲದ ಮೇಲೆ ದೊಡ್ಡ ಹೋಟೆಲು ನಿಂತಿದೆ. ಸೇತುವೆಯ ಮಗ್ಗುಲಲ್ಲಿ ಒಂದು ಪ್ರತಿಮೆ. ಮುಂಗಾಲೆತ್ತಿ ಕೆನೆಯುವ ಕುದುರೆ, ಅದನ್ನು ಬಲವಾಗಿ ಹಿಡಿದು ನಿಲ್ಲಿಸಿರುವ ಒಬ್ಬ ಗಂಡಾಳು. 1974ರಲ್ಲಿ ಕರುಣಾನಿಧಿ ಅವರ ಸರ್ಕಾರ ಕುದುರೆ ಜೂಜು ನಿಲ್ಲಿಸಲು ಕಾನೂನು ತಂದದ್ದರ ನೆನಪು ಅದು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ನೆನಪಾಗುವುದು ಜೂಜಲ್ಲ, ಸರ್ಕಸ್ಸು.

ಕಾರಣವಿದೆ. 1940ರ ದಶಕದಲ್ಲಿ ಇದೇ ಸ್ಟುಡಿಯೋದ ಅಂಗಳದಲ್ಲಿ ಒಂದು ಇಡೀ ಸರ್ಕಸ್ ಕಂಪನಿ ಬೀಡುಬಿಟ್ಟಿತ್ತು. ವಾಸನ್ ‘ಚಂದ್ರಲೇಖಾ’ ತೆಗೆಯುತ್ತಿದ್ದರು. ಕಥೆಯಲ್ಲಿ ಸರ್ಕಸ್ ಬರಬೇಕೆಂದು ತೀರ್ಮಾನವಾದ ಮೇಲೆ ಅವರ ಕಡೆಯವರು ದಕ್ಷಿಣ ಭಾರತವನ್ನೂ ಸಿಂಹಳವನ್ನೂ ಸುತ್ತಿ ಹತ್ತಾರು ಸರ್ಕಸ್ಸುಗಳನ್ನು ನೋಡಿ ಬಂದರು. ಕೊನೆಗೆ ಆರಿಸಿದ್ದು ಎರಡು: ಕಮಲಾ ಸರ್ಕಸ್ ಮತ್ತು ಪರಶುರಾಮ್ ಲಯನ್ ಸರ್ಕಸ್. 1948ರ ಏಪ್ರಿಲ್‌ನಲ್ಲಿ ತೆರೆಗೆ ಬಂದ ಆ ಚಿತ್ರದ ನಗಾರಿ ನೃತ್ಯವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಸರ್ಕಸ್ ದೃಶ್ಯಗಳೇ ಅದಕ್ಕಿಂತ ಮೇಲು. ನೃತ್ಯವನ್ನು ಹಣ ಸುರಿದು ಇನ್ನೊಮ್ಮೆ ಕಟ್ಟಬಹುದು. ಆ ದಿನಗಳ ಜೋಕಾಲಿಯಾಟ, ಆನೆಗಳ ಸಾಲು, ಡೇರೆಯೊಳಗಿನ ಆ ಬೆಳಕು ಮತ್ತೆ ಸಿಗುವುದಿಲ್ಲ. ಓಡಿಬಂದ ನಾಯಕಿಗೆ ಆಸರೆ ಕೊಡುವುದು ಸರ್ಕಸ್ಸಿನವರು. ಗುಹೆಯಲ್ಲಿ ಸಿಕ್ಕಿಕೊಂಡ ನಾಯಕನನ್ನು ಬಂಡೆ ಸರಿಸಿ ಬಿಡಿಸುವುದು ಸರ್ಕಸ್ಸಿನ ಆನೆಗಳು. ಊರಿಲ್ಲದವರಿಗೆ ಡೇರೆಯೇ ಊರು ಎಂಬ ಮಾತನ್ನು ಆ ಚಿತ್ರ ಗಟ್ಟಿಯಾಗಿ ಹೇಳದಿದ್ದರೂ ತೋರಿಸಿಬಿಡುತ್ತದೆ.

ಕಮಲಾ ಸರ್ಕಸ್ಸಿನ ಒಡೆಯರು ತಲಶ್ಶೇರಿಯ ಕೆ. ದಾಮೋದರನ್. ಪರಶುರಾಮ್ ಸರ್ಕಸ್ ಮರಾಠಿ ಸೀಮೆಯದು. ಭಾರತದ ಸರ್ಕಸ್ಸಿನ ಎರಡು ತವರುಗಳೂ ಹೀಗೆ ಒಂದೇ ಚಿತ್ರದಲ್ಲಿ ಕೂಡಿದವು. ಆ ಎರಡು ತವರಿನ ನಡುವೆ ಇರುವುದು ನಮ್ಮ ಕನ್ನಡ ನಾಡು. ಕನ್ನಡದಲ್ಲಿ ಈ ಚರಿತ್ರೆ ಬರೆಯಲು ನನಗೆ ಅಷ್ಟು ಹಕ್ಕು ಸಾಕು.

ಮೊದಲು ಕುದುರೆಯ ಮಾತು ಮುಗಿಸೋಣ. ಇಂಗ್ಲೆಂಡಿನ ಅಶ್ವದಳದಲ್ಲಿದ್ದ ಫಿಲಿಪ್ ಆಸ್ಟ್ಲಿ 1768ರಲ್ಲಿ ಲಂಡನ್ನಿನ ಒಂದು ಬಯಲಿನಲ್ಲಿ ಹಗ್ಗ ಕಟ್ಟಿ ಕುದುರೆ ಸವಾರಿಯ ಚಮತ್ಕಾರ ತೋರಿಸತೊಡಗಿದ. ಕುದುರೆ ನೇರ ಓಡಿದರೆ ಅದರ ಬೆನ್ನ ಮೇಲೆ ನಿಂತವನು ಉರುಳುತ್ತಾನೆ. ವೃತ್ತದಲ್ಲಿ ಓಡಿಸಿ ಮೈಯನ್ನು ಒಳಗಡೆಗೆ ವಾಲಿಸಿದರೆ ನಿಲ್ಲಬಲ್ಲ. ಎಷ್ಟು ದೊಡ್ಡ ವೃತ್ತ? ಕೊನೆಗೆ ನಿಂತ ಅಳತೆ 42 ಅಡಿ ವ್ಯಾಸ. ಇಂದು ಚೆನ್ನೈನ ದ್ವೀಪ ಮೈದಾನದಲ್ಲಿ ಡೇರೆ ಎದ್ದರೂ ಒಳಗಿನ ರಿಂಗಿಗೆ ಮೂಲ ಆ ಲೆಕ್ಕವೇ. ಕುದುರೆಗಳು ಹೋದವು, ರಿಂಗು ಉಳಿಯಿತು.

ಆಸ್ಟ್ಲಿಯ ನಂತರ ಬ್ರಿಟನ್ನಿನಲ್ಲಿ ಸರ್ಕಸ್ ಎಂದರೆ ಮನೆತನದ ಹೆಸರು ಎಂದಾಯಿತು. ಸ್ಯಾಂಗರ್, ಚಿಪ್ಪರ್‌ಫೀಲ್ಡ್, ಮಿಲ್ಸ್. ತಮ್ಮ ಹಿರಿಯರು 1684ರಲ್ಲಿ ಹೆಪ್ಪುಗಟ್ಟಿದ ಥೇಮ್ಸ್ ನದಿಯ ಮೇಲಿನ ಜಾತ್ರೆಯಲ್ಲೇ ಪ್ರಾಣಿಯಾಟ ತೋರಿಸಿದ್ದರೆಂದು ಚಿಪ್ಪರ್‌ಫೀಲ್ಡ್ ವಂಶದವರು ಹೇಳಿಕೊಳ್ಳುತ್ತಾರೆ. ಹಾರ್ಮ್‌ಸ್ಟನ್ ಎಂಬ ಇನ್ನೊಂದು ಇಂಗ್ಲಿಷ್ ಕುಟುಂಬ 19ನೇ ಶತಮಾನದ ಕೊನೆಯ ಹೊತ್ತಿಗೆ ಹೆಂಡತಿ ಮಕ್ಕಳು ಕುದುರೆಗಳ ಸಮೇತ ಹಡಗು ಹತ್ತಿ ಏಷ್ಯಾದ ಬಂದರುಗಳನ್ನೇ ತನ್ನ ಸಂಚಾರದ ದಾರಿ ಮಾಡಿಕೊಂಡಿತು. ಯಜಮಾನ ತೀರಿಕೊಂಡ ಮೇಲೆ ಅವನ ಹೆಂಡತಿಯೇ ಕಂಪನಿಯನ್ನು ಮುಂದುವರಿಸಿದಳು. ಹಡಗಿನಿಂದ ಇಳಿದ ಇಂಥ ಬಿಳಿಯರ ಡೇರೆಗಳಲ್ಲೇ ನಮ್ಮವರು ಸರ್ಕಸ್ಸನ್ನು ಮೊದಲು ಕಂಡದ್ದು.

ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋಗದ ಒಬ್ಬ ಮನುಷ್ಯ ಇದ್ದ. ವಿಷ್ಣುಪಂತ ಛತ್ರೆ. ಕೃಷ್ಣಾ ತೀರದ ಅಂಕಲಖೋಪದವನು, ಕುರುಂದವಾಡದ ಸಂಸ್ಥಾನಿಕರ ಬಳಿ ಕುದುರೆ ಪಳಗಿಸುತ್ತಿದ್ದವನು. ಕುರುಂದವಾಡ ನಮ್ಮ ಬೆಳಗಾವಿ ಜಿಲ್ಲೆಯ ಗಡಿಗೆ ದೂರವೇನಲ್ಲ. 1879ರಲ್ಲಿ ಮುಂಬಯಿಗೆ ಇಟಲಿಯ ಕಿಯಾರಿನಿಯ ಸರ್ಕಸ್ ಬಂದಿತ್ತು. ಹಿಂದೂಸ್ತಾನದವರಿಂದ ಇದು ಆಗದು ಎಂಬ ಮಾತು ಛತ್ರೆಗೆ ನಾಟಿತು ಎನ್ನುತ್ತಾರೆ. 1880ರ ಮಾರ್ಚ್ 20ರಂದು ಅವನ ‘ಗ್ರೇಟ್ ಇಂಡಿಯನ್ ಸರ್ಕಸ್’ ಮೊದಲ ಆಟ ಆಡಿತು. ಮುಂದೆ ಅದೇ ಸೀಮೆಯಲ್ಲಿ, ಕಾಗವಾಡದ ಪಕ್ಕದ ಮ್ಹೈಸಾಳದಲ್ಲಿ ದೇವಲ್ ಮನೆತನ ತನ್ನ ಸರ್ಕಸ್ ಕಟ್ಟಿತು. ಕೃಷ್ಣೆಯ ಆಚೆ ದಡದ ಈ ಹಳ್ಳಿಗಳ ಕಥೆಯನ್ನು ಈಚೆ ದಡದ ನಾವು ಸರಿಯಾಗಿ ಕೇಳಿಯೇ ಇಲ್ಲ ಎಂಬುದು ನನ್ನ ಕೊರಗು.

ಛತ್ರೆಯ ಡೇರೆ 1887-88ರ ಸುಮಾರಿಗೆ ಮಲಬಾರಿನ ತಲಶ್ಶೇರಿಯಲ್ಲಿ ಎದ್ದಿತು. ಅಲ್ಲಿ ಅದನ್ನು ನೋಡಲು ಬಂದವರಲ್ಲಿ ಬಾಸೆಲ್ ಮಿಷನ್ ಶಾಲೆಯಲ್ಲಿ ಅಂಗಸಾಧನೆ ಕಲಿಸುತ್ತಿದ್ದ ಕೀಲೇರಿ ಕುಂಞಿಕಣ್ಣನ್ ಇದ್ದರು. ಬಾಸೆಲ್ ಮಿಷನ್ ಎಂದರೆ ಕನ್ನಡಿಗರಿಗೆ ಪರಿಚಯ ಹೇಳಬೇಕಾಗಿಲ್ಲ. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿ, ನಮಗೆ ‘ಮಂಗಳೂರ ಸಮಾಚಾರ’ವನ್ನೂ ಕಿಟೆಲ್ ನಿಘಂಟನ್ನೂ ಕೊಟ್ಟ ಸಂಸ್ಥೆ ಅದು. ಆಗ ದಕ್ಷಿಣ ಕನ್ನಡವೂ ಮಲಬಾರೂ ಮದರಾಸು ಪ್ರಾಂತ್ಯದ ಅಕ್ಕಪಕ್ಕದ ಜಿಲ್ಲೆಗಳು. ಮಂಗಳೂರಿಗೆ ಅಚ್ಚಿನ ಮೊಳೆ ತಂದ ಮಿಷನ್ನೇ ತಲಶ್ಶೇರಿಯ ಹುಡುಗರಿಗೆ ಯುರೋಪಿನ ಅಂಗಸಾಧನೆಯನ್ನೂ ತಂದಿತು.

ಕೀಲೇರಿಯವರಿಗೆ ಕಳರಿಪಯಟ್ಟು ಮೊದಲೇ ಗೊತ್ತಿತ್ತು. ನಮ್ಮ ಗರಡಿಮನೆಯಂತೆ ಅಲ್ಲಿ ಕಳರಿ. ಮೈಗೆ ಎಣ್ಣೆ ತಿಕ್ಕಿ, ಕೀಲು ಕೀಲನ್ನೂ ಸಡಿಲಿಸಿ, ನೆಲದಿಂದ ಆಳೆತ್ತರ ಚಿಮ್ಮಿ ಇಳಿಯುವ ವಿದ್ಯೆ. ಆ ಮೈಯನ್ನು ಕಬ್ಬಿಣದ ಸರಳಿಗೆ, ಅಲ್ಲಿಂದ ತೂಗುವ ಜೋಕಾಲಿಗೆ ಏರಿಸಬಹುದು ಎಂದು ಅವರಿಗೆ ಹೊಳೆಯಿತು. ಛತ್ರೆಗೆ ಆಟಗಾರರು ಬೇಕಾಗಿತ್ತು. ಕೀಲೇರಿಯವರು ತಯಾರು ಮಾಡಿ ಕೊಡಲು ಒಪ್ಪಿದರು. 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ಸಿಗೆಂದೇ ಒಂದು ಕಳರಿ ತೆರೆದರು. 1904ರಲ್ಲಿ ಶಿಷ್ಯ ಪರಿಯಾಳಿ ಕಣ್ಣನ್ ‘ಗ್ರ್ಯಾಂಡ್ ಮಲಬಾರ್ ಸರ್ಕಸ್’ ಕಟ್ಟಿದ. ಅದು ಹೆಚ್ಚು ದಿನ ಬಾಳಲಿಲ್ಲ, ಆದರೆ ದಾರಿ ತೆರೆಯಿತು. ವೈಟ್‌ವೇ, ಗ್ರೇಟ್ ರೇಮನ್, ಗ್ರೇಟ್ ಲಯನ್, ಈಸ್ಟರ್ನ್, ಕಮಲಾ, ಹೀಗೆ ಒಂದರ ಹಿಂದೊಂದು ಕಂಪನಿ ಹೊರಟವು. ಹೆಸರು ಇಂಗ್ಲಿಷ್, ಮಾತು ಮಲಯಾಳ, ಅನ್ನ ಎಲ್ಲ ಊರಿನದು. ಕೀಲೇರಿಯವರು 1939ರಲ್ಲಿ ತೀರಿಕೊಂಡರು. ತಲಶ್ಶೇರಿಯಲ್ಲಿ ಅವರನ್ನು ಈಗಲೂ ‘ಟೀಚರ್’ ಎಂದೇ ಕರೆಯುತ್ತಾರೆ.

ಬ್ರಿಟನ್ನಿನ ಸರ್ಕಸ್ ಮನೆತನಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಅಲ್ಲಿ ಡೇರೆ ತಂದೆಯಿಂದ ಮಗನಿಗೆ. ಇಲ್ಲಿ ಮೊದಲು ಗುರುವಿನಿಂದ ಶಿಷ್ಯನಿಗೆ. ಉತ್ತರ ಮಲಬಾರಿನ ಎಷ್ಟೋ ಮನೆಗಳಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು, ತುಳುನಾಡಿನ ಅಳಿಯಕಟ್ಟಿನ ಹಾಗೆ. ‘ಗ್ರೇಟ್ ಬಾಂಬೆ ಸರ್ಕಸ್’ ನೋಡಿ. ಬಾಬುರಾವ್ ಕದಮ್ 1920ರಲ್ಲಿ ಕಟ್ಟಿದ ‘ಗ್ರ್ಯಾಂಡ್ ಬಾಂಬೆ’ಯೊಂದಿಗೆ ಕೆ.ಎಂ. ಕುಂಞಿಕಣ್ಣನ್ ತಮ್ಮ ವೈಟ್‌ವೇ ಮತ್ತು ಗ್ರೇಟ್ ಲಯನ್ ಸರ್ಕಸ್ಸುಗಳನ್ನು 1947ರಲ್ಲಿ ಕೂಡಿಸಿದರು. ಅವರ ನಂತರ ಹೊಣೆ ಹೊತ್ತವರು ಸೋದರಳಿಯ ಕೆ.ಎಂ. ಬಾಲಗೋಪಾಲ್. ಮಂಗಳೂರು ಕಡೆಯ ಓದುಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಾರದು.

ನಮ್ಮ ಕಂಪನಿ ನಾಟಕದವರಿಗೂ ಡೇರೆಯ ಈ ಬದುಕು ಹೊಸತಲ್ಲ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಒಂದೇ ಒಲೆಯ ಅಡುಗೆ, ಒಂದೇ ಕ್ಯಾಂಪು, ತೊಟ್ಟಿಲ ಮಗುವಿನಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಒಂದೊಂದು ಕೆಲಸ. ರಂಗಭೂಮಿಯ ಆ ಕ್ಯಾಂಪಿನ ಬಗ್ಗೆ ಕನ್ನಡದಲ್ಲಿ ಆತ್ಮಕಥೆಗಳಿವೆ. ಸರ್ಕಸ್ಸಿನವರದ್ದು ಬಹುಪಾಲು ಅವರ ಬಾಯಲ್ಲೇ ಉಳಿದು, ಅವರೊಂದಿಗೇ ಹೋಗುತ್ತಿದೆ.

ಇನ್ನು ‘ಜೆಮಿನಿ’ ಎಂಬ ಇನ್ನೊಂದು ಹೆಸರಿಗೆ ಬರೋಣ. ಚೆನ್ನೈನಲ್ಲಿ ಸರ್ಕಸ್ಸಿನ ಜೆಮಿನಿಗೂ ಸ್ಟುಡಿಯೋದ ಜೆಮಿನಿಗೂ ನಂಟು ಕಲ್ಪಿಸುವವರಿದ್ದಾರೆ. ಎರಡೂ ಬೇರೆ. 1924ರ ಜೂನ್‌ನಲ್ಲಿ ಹುಟ್ಟಿದ ಎಂ.ವಿ. ಶಂಕರನ್ ಹುಡುಗನಾಗಿದ್ದಾಗ ಕೀಲೇರಿಯವರ ಬಳಿಯೇ ಕಲಿತವರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿ ದುಡಿದರು. ಮರಳಿ ಬಂದು ಕೀಲೇರಿಯವರ ಶಿಷ್ಯ ಎಂ.ಕೆ. ರಾಮನ್ ಅವರ ಬಳಿ ಮತ್ತೆ ಅಭ್ಯಾಸ ಮಾಡಿದರು. ಸರಳಿನ ಮೇಲೂ ಜೋಕಾಲಿಯ ಮೇಲೂ ಪಳಗಿ ಹಲವು ಕಂಪನಿಗಳಲ್ಲಿ ಆಡಿದರು. 1951ರಲ್ಲಿ ಒಬ್ಬ ಗೆಳೆಯನ ಜೊತೆ ಸೇರಿ, ಮುಳುಗುತ್ತಿದ್ದ ವಿಜಯಾ ಸರ್ಕಸ್ಸನ್ನು 6,000 ರೂಪಾಯಿಗೆ ಕೊಂಡರು. ತಾವು ಹುಟ್ಟಿದ ಮಿಥುನ ರಾಶಿಯ ಇಂಗ್ಲಿಷ್ ಹೆಸರನ್ನೇ ಇಟ್ಟು, ಆ ಆಗಸ್ಟ್ 15ರಂದು ಗುಜರಾತಿನ ಬಿಲಿಮೋರಾದಲ್ಲಿ ಜೆಮಿನಿ ಸರ್ಕಸ್ಸಿನ ಮೊದಲ ಆಟ ಆಡಿಸಿದರು. 1977ರ ಅಕ್ಟೋಬರ್ 2ರಂದು ಇದೇ ಮನೆತನದ ಎರಡನೆಯ ಡೇರೆ, ಜಂಬೋ ಸರ್ಕಸ್, ಬಿಹಾರದ ದಾನಾಪುರದಲ್ಲಿ ಎದ್ದಿತು. ರಾಜ್ ಕಪೂರ್ ‘ಮೇರಾ ನಾಮ್ ಜೋಕರ್’ಗೆ ಬಳಸಿದ್ದು ಜೆಮಿನಿಯನ್ನೇ. ಶಂಕರನ್ 2023ರ ಏಪ್ರಿಲ್‌ನಲ್ಲಿ, 99ರ ಹೊಸ್ತಿಲಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಡೇರೆಗಳನ್ನು ಈಗ ನಡೆಸುತ್ತಿರುವವರು ಅವರ ಮಕ್ಕಳು.

ಹಡಗು ಒಂದೇ ದಿಕ್ಕಿಗೆ ಓಡಲಿಲ್ಲ ಎಂಬುದನ್ನೂ ಹೇಳಬೇಕು. ತಲಶ್ಶೇರಿಯ ಇನ್ನೊಬ್ಬ ಕಣ್ಣನ್ ‘ಕಣ್ಣನ್ ಬೊಂಬಾಯೋ’ ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಲಂಡನ್ನಿನ ಬರ್ಟ್ರಾಮ್ ಮಿಲ್ಸ್ ಸರ್ಕಸ್ಸಿನಲ್ಲಿ ಆಡಿದ. ಪುಟಿಯುವ ಹಗ್ಗದ ಮೇಲಿನಿಂದ ಚಿಮ್ಮಿ, ಗಾಳಿಯಲ್ಲಿ ಲಾಗ ಹೊಡೆದು, ಅದೇ ಹಗ್ಗದ ಮೇಲೆ ಇಳಿಯುವುದು ಅವನ ಆಟ. ಬ್ರಿಟಿಷರ ಸಾಮ್ರಾಜ್ಯದ ಮೂಲೆಯ ಜಿಲ್ಲೆಯಿಂದ ಹೋದವನು ಬ್ರಿಟಿಷರ ಹೆಸರಾಂತ ಸರ್ಕಸ್ ಮನೆತನದ ರಿಂಗಿನಲ್ಲಿ ನಿಂತು ಚಪ್ಪಾಳೆ ಗಿಟ್ಟಿಸಿದ.

ಮದರಾಸಿಗೆ ಮರಳುತ್ತೇನೆ. ರೈಲಿನ ಕಾಲದಲ್ಲಿ ಸರ್ಕಸ್ಸಿಗೆ ಇದಕ್ಕಿಂತ ಒಳ್ಳೆಯ ಊರು ದಕ್ಷಿಣದಲ್ಲಿ ಇರಲಿಲ್ಲ. ಸೆಂಟ್ರಲ್ ನಿಲ್ದಾಣದ ಎದುರಿಗೇ ಪೀಪಲ್ಸ್ ಪಾರ್ಕ್. 1859ರಲ್ಲಿ ಗವರ್ನರ್ ಟ್ರೆವೆಲ್ಯನ್ ಹಾಕಿಸಿದ ನೂರು ಎಕರೆಗೂ ಮೀರಿದ ಉದ್ಯಾನ, ಒಳಗೆ ಕೊಳಗಳು, ಮೃಗಾಲಯ. ವರ್ಷದ ಕೊನೆಗೆ ಅಲ್ಲಿ ನಡೆಯುವ ಜಾತ್ರೆಗೆ ಊರೆಲ್ಲ ಸೇರುತ್ತಿತ್ತು. ಡೇರೆಯ ಗೂಟ ಹೊಡೆದವರ ಹಿಂದೆಯೇ ಸಿನಿಮಾದವರೂ ಬಂದರು. ತಿರುಚ್ಚಿಯ ರೈಲ್ವೆ ಕಚೇರಿಯಲ್ಲಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಪ್ರೊಜೆಕ್ಟರ್ ಕೊಂಡು ಡೇರೆಯಲ್ಲೇ ಚಿತ್ರ ತೋರಿಸುತ್ತ ಊರೂರು ಅಲೆದರು. ನಮ್ಮ ಹಳ್ಳಿಗಳ ಟೆಂಟ್ ಸಿನಿಮಾ ಆ ಕುಲದ್ದೇ.

ಡೇರೆಗೆ ಶತ್ರುಗಳು ಎರಡು, ಗಾಳಿಮಳೆ ಮತ್ತು ಬೆಂಕಿ. ಚೆನ್ನೈನ ಮಳೆ ನಮ್ಮ ಹಾಗೆ ಜೂನ್‌ನದಲ್ಲ. ಅಕ್ಟೋಬರದಿಂದ ಡಿಸೆಂಬರದವರೆಗೆ ಚಂಡಮಾರುತದ ಕೈಹಿಡಿದು ಬರುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ಡೇರೆ ಹಾಕುವುದೆಂದರೆ ಸಮುದ್ರದ ಜೊತೆ ಪಂದ್ಯ ಕಟ್ಟಿದ ಹಾಗೆ. ಪೊಂಗಲ್ ಹೊತ್ತಿಗೆ ಅಥವಾ ಬೇಸಿಗೆ ರಜೆಗೆ ಹೊಂದಿಸಿಕೊಂಡರೆ ಕ್ಷೇಮ. ಬೆಂಕಿಗೆ ಕಾಲವಿಲ್ಲ. 1886ರ ಡಿಸೆಂಬರ್ 31ರಂದು ಪೀಪಲ್ಸ್ ಪಾರ್ಕಿನ ಜಾತ್ರೆಯಲ್ಲಿ ಹತ್ತಿದ ಬೆಂಕಿಗೆ ನೂರಾರು ಜನ ಬಲಿಯಾದರು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಉರಿಯಿತು. ಸತ್ತವರಲ್ಲಿ ಶಾಲೆಯ ಮಕ್ಕಳೇ ಹೆಚ್ಚು. ಆ ಕಾಲದ ಬೆಂಗಳೂರಿಗರಲ್ಲಿ ಅನೇಕರಿಗೆ ಸರ್ಕಸ್ ಎಂಬ ಮಾತಿನ ಹಿಂದೆಯೇ ಆ ದಿನವೂ ಬರುತ್ತದೆ. ಸರ್ಕಸ್ಸನ್ನು ಪ್ರೀತಿಸುವವರು ಆ ಮಕ್ಕಳನ್ನು ಮರೆತು ಪ್ರೀತಿಸಬಾರದು. ಅಗ್ನಿಶಾಮಕದವರ ಒಪ್ಪಿಗೆ ಪತ್ರ, ಅಗಲವಾದ ಹೊರದಾರಿಗಳು, ಬೆಂಕಿ ತಗಲದ ಬಟ್ಟೆ, ಇವುಗಳಲ್ಲಿ ಒಂದಿಂಚೂ ರಿಯಾಯಿತಿ ಕೂಡದು.

ಪ್ರಾಣಿಗಳ ವಿಚಾರದಲ್ಲೂ ನನ್ನ ಮನಸ್ಸು ಸ್ಪಷ್ಟ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕೆ ಪಳಗಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಆದೇಶ ಹೊರಡಿಸಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನೇ ಎತ್ತಿಹಿಡಿಯಿತು. ಆನೆಯೂ ಸರ್ಕಸ್ಸಿನಲ್ಲಿ ಇರಬಾರದೆಂದು 2013ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ತೀರ್ಮಾನಿಸಿತು. ಡೇರೆಯಿಂದ ಬಿಡಿಸಿ ತಂದ ಸಿಂಹ ಹುಲಿಗಳಿಗೆ ಚೆನ್ನೈನ ವಂಡಲೂರಿನಲ್ಲೂ ನಮ್ಮ ಬನ್ನೇರುಘಟ್ಟದಲ್ಲೂ ಪುನರ್ವಸತಿ ಕೇಂದ್ರಗಳು ತೆರೆದವು. ಪಂಜರದ ಗಾಡಿಯಲ್ಲಿ ಹುಟ್ಟಿ, ಮಣ್ಣಿನ ನೆಲವನ್ನು ಸರಿಯಾಗಿ ತುಳಿಯದೆ ಮುದಿಯಾದ ಪ್ರಾಣಿಗಳು ಅವು. ಕೊನೆಯ ದಿನಗಳಲ್ಲಾದರೂ ಮರದ ನೆರಳು ಸಿಕ್ಕಿತು. ನಷ್ಟವಾಯಿತು ಎನ್ನುವ ಮಾಲೀಕರ ಸಂಕಟ ನಿಜ, ಆದರೂ ನ್ಯಾಯಾಲಯ ಮಾಡಿದ್ದು ಸರಿ. ಬ್ರಿಟನ್ನೂ ತಡವಾಗಿ ಅಲ್ಲಿಗೇ ಬಂತು. ಇಂಗ್ಲೆಂಡಿನಲ್ಲಿ ಸಂಚಾರಿ ಸರ್ಕಸ್ಸುಗಳ ಕಾಡುಪ್ರಾಣಿಗಳನ್ನು ನಿಷೇಧಿಸುವ ಕಾನೂನು ಜಾರಿಯಾದದ್ದು 2020ರಲ್ಲಿ.

ಮಕ್ಕಳ ಮಾತು ಇನ್ನೂ ಕಹಿ. ಕೀಲೇರಿಯವರ ಕಳರಿಗೆ ಬರುತ್ತಿದ್ದವರು ಅಕ್ಕಪಕ್ಕದ ಮನೆಗಳ ಹುಡುಗರು. ಕೇರಳದ ಮನೆಗಳು ಓದು, ಕೊಲ್ಲಿಯ ಉದ್ಯೋಗ ಎಂದು ಬೇರೆ ದಾರಿ ಹಿಡಿದ ಮೇಲೆ ಡೇರೆಗಳು ದೂರದ ಬಡತನದತ್ತ ಕೈ ಚಾಚಿದವು. ನೇಪಾಳದಿಂದ, ಈಶಾನ್ಯದಿಂದ ದಲ್ಲಾಳಿಗಳ ಮೂಲಕ ಎಳೆಯ ಹುಡುಗಿಯರು ಬಂದರು. ತಾಯ್ತಂದೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಮಗು ವರ್ಷಗಟ್ಟಲೆ ಮನೆ ಕಾಣುವಂತಿರಲಿಲ್ಲ. ಗುರು ಶಿಷ್ಯರ ಮನೆತನವೆಂದು ಹುಟ್ಟಿದ್ದು ಕೆಲವು ಕಡೆ ಜೀತವಾಗಿತ್ತು. 2011ರ ಏಪ್ರಿಲ್‌ನಲ್ಲಿ ‘ಬಚಪನ್ ಬಚಾವೋ ಆಂದೋಲನ’ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಸರ್ಕಸ್ಸಿನಲ್ಲಿ ಮಕ್ಕಳ ದುಡಿಮೆಯನ್ನು ತಡೆಯಿತು. ಅದೂ ಆಗಲೇಬೇಕಾಗಿದ್ದ ಕೆಲಸ.

ಆದರೆ ತಡೆಯುವ ಕೈಯಷ್ಟೇ ಮುಂದೆ ಬಂತು, ಕಟ್ಟುವ ಕೈ ಬರಲಿಲ್ಲ. ಮೈ ಮಣಿಯುವ ವಯಸ್ಸಿನಲ್ಲೇ ಕಲಿಯಬೇಕಾದ ವಿದ್ಯೆ ಇದು. ಬೆಳಗ್ಗೆ ಓದು, ಸಂಜೆ ಅಂಗಸಾಧನೆ, ವಯಸ್ಸಿಗೆ ಬಂದ ಮೇಲೆ ಇಷ್ಟವಿದ್ದರೆ ಡೇರೆ ಎನ್ನುವಂಥ ಶಾಲೆ ಬೇಕಾಗಿತ್ತು. 2010ರಲ್ಲಿ ತಲಶ್ಶೇರಿಯಲ್ಲಿ ಕೇರಳ ಸರ್ಕಾರ ಸರ್ಕಸ್ ಅಕಾಡೆಮಿಯೊಂದನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ಅದು ಬಾಗಿಲು ಹಾಕಿತು. ಚೆನ್ನೈನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಊರ ನಡುವಿನ ಮೈದಾನಗಳು ಕಟ್ಟಡಗಳಾದವು. ಪೀಪಲ್ಸ್ ಪಾರ್ಕ್ ಕರಗಿ ಅಲ್ಲಿ ಕ್ರೀಡಾಂಗಣ, ಕಚೇರಿ, ಅಂಗಡಿಗಳು ಬಂದವು. ಡೇರೆ ಊರ ಅಂಚಿಗೆ ಸರಿಯಿತು. ಒಂದು ತಿಂಗಳ ಆಟಕ್ಕೆ ಪೊಲೀಸರು, ಪಾಲಿಕೆ, ವಿದ್ಯುತ್ ಕಚೇರಿ, ಅಗ್ನಿಶಾಮಕ ಎಂದು ಬಾಗಿಲು ಬಾಗಿಲು ಅಲೆಯಬೇಕು. ಮೊದಲ ಟಿಕೆಟ್ ಹರಿಯುವ ಮುನ್ನವೇ ನೆಲಬಾಡಿಗೆ ಕಟ್ಟಬೇಕು.

2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಗ್ರೇಟ್ ಬಾಂಬೆ ಸರ್ಕಸ್ ತಮಿಳುನಾಡಿನ ಮನ್ನಾರ್ಗುಡಿಯಲ್ಲಿತ್ತು. 1920ರಲ್ಲಿ ಹುಟ್ಟಿದ ಕಂಪನಿಗೆ ಅದು ನೂರನೆಯ ವರ್ಷ. ಶತಮಾನದ ಹಬ್ಬ ಮಾಡಬೇಕಾದವರು ಆಟವಿಲ್ಲದ ಡೇರೆಯ ಸುತ್ತ, ಊರಿನವರು ತಂದುಕೊಟ್ಟ ಅಕ್ಕಿ ಬೇಳೆಯಲ್ಲಿ ದಿನ ದೂಡಿದರು. ಮನೆಯಲ್ಲೇ ಇರಿ ಎಂದಿತ್ತು ಸರ್ಕಾರ. ಅವರಿಗೆ ಮನೆ ಎಂದರೆ ಆ ಮೈದಾನವೇ.

ಅಷ್ಟಾದರೂ ಸರ್ಕಸ್ ಉಳಿದಿದೆ. ಪ್ರಾಣಿಗಳಿಲ್ಲದ ರಿಂಗಿನಲ್ಲಿ ಈಗ ಮನುಷ್ಯರ ಮೈಯೊಂದೇ ಬಂಡವಾಳ. ಮಣಿಪುರ, ಅಸ್ಸಾಂ, ನೇಪಾಳದವರ ಜೊತೆ ಆಫ್ರಿಕಾದ ಹುಡುಗರೂ ಬಂದಿದ್ದಾರೆ. ನಲವತ್ತು ಅಡಿ ಎತ್ತರದಲ್ಲಿ ಒಬ್ಬಳು ಕೈಬಿಟ್ಟು, ಇನ್ನೊಬ್ಬನ ಕೈ ಸಿಗುವವರೆಗಿನ ಆ ಒಂದು ಕ್ಷಣ ಇಡೀ ಗ್ಯಾಲರಿ ಉಸಿರು ಬಿಗಿಹಿಡಿಯುತ್ತದೆ. ಮೊಬೈಲಿನ ಗಾಜಿನ ಮೇಲೆ ಎಷ್ಟು ಸಲ ನೋಡಿದರೂ ಆ ಉಸಿರು ಸಿಕ್ಕಿಕೊಳ್ಳುವುದಿಲ್ಲ.

ನಿವೃತ್ತ ಸರ್ಕಸ್ ಕಲಾವಿದರಿಗೆ ಕೇರಳ ಸರ್ಕಾರ ಪಿಂಚಣಿ ಕೊಡುತ್ತದೆ. ಅವರು ಜೀವಮಾನವಿಡೀ ಆಡಿದ್ದು ಮಾತ್ರ ಮದರಾಸಿನಲ್ಲಿ, ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ. ಅವರ ಋಣ ನಮ್ಮ ಮೇಲೂ ಇದೆ. ಕಲಾವಿದರ ಮಾಸಾಶನದ ಪಟ್ಟಿ ಸಿದ್ಧವಾಗುವಾಗ ಜೋಕಾಲಿಯಿಂದ ಬಿದ್ದು ಸೊಂಟ ಮುರಿದುಕೊಂಡವರ ಹೆಸರೂ ಅದರಲ್ಲಿರಲಿ. ಡೇರೆಗೆ ಬೇಕಾದಷ್ಟು ಒಂದು ಬಯಲನ್ನು ಪ್ರತಿ ಜಿಲ್ಲಾ ಕೇಂದ್ರ ಕಡಿಮೆ ಬಾಡಿಗೆಗೆ ಕೊಡಲಿ. ಈ ಬೇಸಿಗೆಯಲ್ಲಿ ನಿಮ್ಮ ಊರಿನ ಅಂಚಿನಲ್ಲಿ ಸರ್ಕಸ್ಸಿನ ಡೇರೆ ಕಂಡರೆ ಮಕ್ಕಳನ್ನು ಕರೆದುಕೊಂಡು ಹೋಗಿ, ಮುಂದಿನ ಸಾಲಿನ ಟಿಕೆಟ್ಟನ್ನೇ ಕೊಳ್ಳಿ. ಅವರ ರಾತ್ರಿಯ ಊಟಕ್ಕೆ ಇರುವ ಆದಾಯ ಅದೊಂದೇ.